ಕಿಟೆಲ್, ಮೋಲ್ಸ್‌ವರ್ತ್ ಮತ್ತು ನಮ್ಮ ಭಾನುವಾರದ ತರಗತಿ

ನವೆಂಬರ್ ಹತ್ತಿರ ಬಂತೆಂದರೆ ಹೊರನಾಡಿನ ಕನ್ನಡಿಗರ ಫೋನಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. ಮೇಲೆ ಭುವನೇಶ್ವರಿಯ ಚಿತ್ರ, ಹಳದಿ-ಕೆಂಪು ಹೃದಯಗಳ ಒಂದು ಸಾಲು, ಕೆಳಗೆ ‘ಕನ್ನಡದ ಬಗ್ಗೆ ನಿಮಗಿದು ಗೊತ್ತೇ?’ ಎಂಬ ತಲೆಬರಹ. ಕನ್ನಡ ಶೇ 99.99ರಷ್ಟು ಪರಿಪೂರ್ಣ ಭಾಷೆ. ಕವಿರಾಜಮಾರ್ಗ ಬರೆದಾಗ ಇಂಗ್ಲಿಷ್ ಹುಟ್ಟಿಯೇ ಇರಲಿಲ್ಲ. ವಿನೋಬಾ ಭಾವೆಯವರು ಕನ್ನಡ ಲಿಪಿಯನ್ನು ‘ವಿಶ್ವಲಿಪಿಗಳ ರಾಣಿ’ ಎಂದಿದ್ದಾರೆ. ದೇಶದಲ್ಲಿ ಅತಿ ಹೆಚ್ಚು ಜ್ಞಾನಪೀಠ ಬಂದಿರುವುದು ಕನ್ನಡಕ್ಕೆ. ವಿದೇಶಿಯೊಬ್ಬರು ನಿಘಂಟು ಬರೆದ ಏಕೈಕ ಭಾರತೀಯ ಭಾಷೆ ಕನ್ನಡ. ಕೊನೆಗೆ, ನಿಜವಾದ ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ ಎಂಬ ಆಜ್ಞೆ. ನಿಮಗೂ ಬಂದಿರುತ್ತದೆ. ನಮ್ಮ ಸಂಘದ ಗ್ರೂಪಿಗೆ ಕಳೆದ ವರ್ಷ ಒಂದೇ ದಿನ ಮೂರು ಸಲ ಬಂತು.

ಈ ಸಂದೇಶವನ್ನೇ ಪಠ್ಯವಾಗಿ ಇಟ್ಟುಕೊಂಡು ನಾವು ಮೂರು ತಿಂಗಳು ಪಾಠ ಮಾಡಿದೆವು. ಅದನ್ನು ಹಂಚಿಕೊಳ್ಳಬೇಕೆಂದು ಈ ಬರಹ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವ ನನ್ನಂಥವರು ಇದ್ದೀರಿ. ಪುಸ್ತಕ ಸಿಗುವುದಿಲ್ಲ, ಮಕ್ಕಳು ಫೋನ್ ಬಿಡುವುದಿಲ್ಲ ಎಂಬ ಎರಡು ದೂರುಗಳನ್ನು ನಾವೆಲ್ಲ ಹಂಚಿಕೊಂಡೇ ಇದ್ದೇವೆ.

ನಾನು ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಠಾಣೆ ಜಿಲ್ಲೆಯ ಒಂದು ಉಪನಗರದ ಕನ್ನಡ ಸಂಘದಲ್ಲಿ ಭಾನುವಾರ ಬೆಳಿಗ್ಗೆ ತರಗತಿ ನಡೆಸುತ್ತೇನೆ. ಐದನೆಯಿಂದ ಒಂಬತ್ತನೆಯವರೆಗಿನ 14 ಮಕ್ಕಳು. ಎಲ್ಲರದೂ ಇಂಗ್ಲಿಷ್ ಮಾಧ್ಯಮ. ಶಾಲೆಯಲ್ಲಿ ಮರಾಠಿ ಕಡ್ಡಾಯ, ಮೆಟ್ಟಿಲ ಮೇಲೆ ಆಡುವುದು ಹಿಂದಿ, ಮನೆಯಲ್ಲಿ ಕೆಲವರಿಗೆ ತುಳು, ಕೆಲವರಿಗೆ ಕೊಂಕಣಿ, ಇಬ್ಬರಿಗೆ ವಿಜಯಪುರದ ಕಡೆಯ ಗಟ್ಟಿ ಕನ್ನಡ. ಕನ್ನಡ ಮಾತಾಡುತ್ತಾರೆ, ಓದುವಾಗ ಮಾತ್ರ ಅಕ್ಷರಕ್ಕೊಂದು ನಿಲ್ದಾಣ, ಸ್ಲೋ ಲೋಕಲ್ ಇದ್ದ ಹಾಗೆ. ತರಗತಿ ನಡೆಯುವುದು ಸಂಘದ ಗ್ರಂಥಾಲಯದ ಕೋಣೆಯಲ್ಲಿ. ಯಾರೋ ದಾನವಾಗಿ ಕೊಟ್ಟ ಟೀವಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸುತ್ತೇನೆ. ಮಕ್ಕಳು ಫೋನ್ ತರುವ ಹಾಗಿಲ್ಲ. ಹುಡುಕುವುದೆಲ್ಲ ಎಲ್ಲರಿಗೂ ಕಾಣುವ ಹಾಗೆ ಆ ಒಂದೇ ಪರದೆಯ ಮೇಲೆ.

ಮೊದಲು ಉಪಕರಣಗಳ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಸುಲಭದ ಭಾಗ. ಮಹಾರಾಷ್ಟ್ರದ ಬಾಲಭಾರತಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗಾಗಿ ಕನ್ನಡದಲ್ಲೇ ಪಠ್ಯಪುಸ್ತಕ ಮಾಡುತ್ತದೆ, ಅದರ ಪಿಡಿಎಫ್ ಉಚಿತ. ಕರ್ನಾಟಕದ ಪಠ್ಯಗಳೂ ಹಾಗೆಯೇ ಸಿಗುತ್ತವೆ. ಪದಗಳ ಅರ್ಥಕ್ಕೆ ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ಆನ್‌ಲೈನ್ ನಿಘಂಟಿದೆ, ಮಕ್ಕಳಿಗೆ ಬಹಳ ಇಷ್ಟ. ಟೈಪ್ ಮಾಡಲು ಬಾರದವರು ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಬರೆದುಕೊಳ್ಳುತ್ತದೆ. ಯಂತ್ರ ತಪ್ಪು ಬರೆದಾಗ ತಿದ್ದುವ ಉತ್ಸಾಹ ನನ್ನ ಕೆಂಪು ಪೆನ್ನಿನಿಂದ ಎಂದೂ ಹುಟ್ಟಿರಲಿಲ್ಲ. ಇಷ್ಟಕ್ಕೇ ‘ಡಿಜಿಟಲ್ ತರಗತಿ’ ಎಂದು ಬ್ಯಾನರ್ ಹಾಕಬಹುದು, ಹಾಕುವವರೂ ಇದ್ದಾರೆ. ನನಗೆ ಬೇಕಾಗಿದ್ದುದು ಬೇರೆ. ಪರದೆ ಹೇಳಿದ್ದನ್ನು ಮಕ್ಕಳು ಎಷ್ಟು ನಂಬಬೇಕು?

ಉತ್ತರ ಶುರುವಾದದ್ದು ಎಂಟನೆಯ ತರಗತಿಯ ಹುಡುಗಿಯಿಂದ. ಆ ನವೆಂಬರ್ ಸಂದೇಶವನ್ನು ಓದುವ ಅಭ್ಯಾಸಕ್ಕೆಂದು ಪರದೆಯ ಮೇಲೆ ಹಾಕಿದ್ದೆ. ನಿಘಂಟಿನ ಸಾಲು ಬಂದಾಗ ಅವಳು ಕೈ ಎತ್ತಿದಳು. ‘ಟೀಚರ್, ಮರಾಠಿಗೆ ಮೋಲ್ಸ್‌ವರ್ತ್ ಬರೆದಿದ್ದಾರಲ್ಲಾ? ನಮ್ಮ ಮರಾಠಿ ಬಾಯಿ ಹೇಳಿದ್ರು. ಅವರೂ ಇಂಗ್ಲಿಷರೇ ಅಲ್ವಾ?’

ಅವಳ ಮರಾಠಿ ಬಾಯಿಗೆ ನಾನು ಋಣಿ. ಅಲ್ಲೇ ಹುಡುಕಿದೆವು. ಮೋಲ್ಸ್‌ವರ್ತರ ಮರಾಠಿ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1831ರಲ್ಲಿ, ಅದೂ ಇದೇ ಮುಂಬಯಿಯಲ್ಲಿ. ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಡೀ ಪುಸ್ತಕ ಓದಲು ಸಿಗುತ್ತದೆ. ಅಲ್ಲೇ ಸಿ. ಪಿ. ಬ್ರೌನರ ತೆಲುಗು ನಿಘಂಟೂ ಇದೆ, 1852ರದು. ತಮಿಳಿಗೆ ವಿನ್‌ಸ್ಲೋ, 1862. ಮಲಯಾಳಕ್ಕೆ ಹರ್ಮನ್ ಗುಂಡರ್ಟ್, 1872. ಈ ಗುಂಡರ್ಟ್ ನಮ್ಮ ಕಿಟೆಲ್ ಅವರ ಹಾಗೆ ಬಾಸೆಲ್ ಮಿಷನ್ನಿನವರೇ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಈ ಎಲ್ಲರ ನಂತರ. ಅಷ್ಟೇ ಏಕೆ, ಕನ್ನಡಕ್ಕೇ ಕಿಟೆಲ್‌ಗಿಂತ ಆರು ದಶಕ ಮೊದಲು ವಿಲಿಯಂ ರೀವ್ ಒಂದು ನಿಘಂಟು ಮಾಡಿದ್ದರು. ‘ಏಕೈಕ’ ಎಂಬ ಪದ ಹೀಗೆ ಹದಿನೈದು ನಿಮಿಷದಲ್ಲಿ ಬಿದ್ದುಹೋಯಿತು.

ಕೋಣೆಯಲ್ಲಿ ಒಂದು ಕ್ಷಣ ಮೌನ. ಆರನೆಯ ತರಗತಿಯ ಹುಡುಗನಿಗೆ ನಿಜವಾಗಿ ಬೇಸರವಾಗಿತ್ತು. ‘ಹಾಗಾದ್ರೆ ಕಿಟೆಲ್ ಏನೂ ಸ್ಪೆಷಲ್ ಅಲ್ವಾ?’ ಎಂದು ಕೇಳಿದ. ಆ ಪ್ರಶ್ನೆಗೆ ನಾನು ಭಾಷಣ ಮಾಡಲಿಲ್ಲ. ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿಯನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ತೆರೆದು ಪುಟ ತಿರುಗಿಸಲು ಬಿಟ್ಟೆ. 1853ರಲ್ಲಿ ಬಂದ ಜರ್ಮನ್ ತರುಣ, ಕೇಶಿರಾಜನ ಶಬ್ದಮಣಿದರ್ಪಣ ಅಚ್ಚು ಮಾಡಿಸಿ, ನಾಗವರ್ಮನ ಛಂದಸ್ಸನ್ನು ಸಂಪಾದಿಸಿ, ಕೊನೆಗೆ ಸಾವಿರದ ಏಳುನೂರು ಪುಟ ಮೀರಿದ ಈ ಪುಸ್ತಕ ಮುಗಿಸಿದಾಗ ಅರವತ್ತು ದಾಟಿದ್ದ ಮುದುಕ. ಪದದ ಪಕ್ಕದಲ್ಲೇ ತುಳು, ತಮಿಳು, ತೆಲುಗು, ಮಲಯಾಳದ ಸೋದರ ಪದಗಳನ್ನೂ ಕೊಡುತ್ತಾರೆ. ತುಳು ಮನೆಯ ಮಕ್ಕಳು ಮುಂದಿನ ಅರ್ಧ ಗಂಟೆ ತಮ್ಮ ಅಜ್ಜಿಯ ಪದಗಳನ್ನು ಅಲ್ಲಿ ಹುಡುಕುವುದರಲ್ಲೇ ಕಳೆದರು. ಸಿಕ್ಕಾಗ ಚೀರಾಟ. ‘ಏಕೈಕ’ ಎಂಬ ಸುಳ್ಳು ಸಾಲು ಅವರನ್ನು ಆ ಪುಸ್ತಕದ ಹತ್ತಿರಕ್ಕೆ ಎಂದೂ ಕರೆದೊಯ್ದಿರಲಿಲ್ಲ.

ಆ ದಿನವೇ ಬೋರ್ಡಿನ ಮೇಲೆ ನಾಲ್ಕು ಕಾಲಂ ಎಳೆದೆವು. ಸರಿ. ತಪ್ಪು. ಒಂದು ಕಾಲಕ್ಕೆ ಸರಿ. ಮೂಲ ಸಿಗಲಿಲ್ಲ. ಪ್ರತಿ ಸಾಲಿಗೂ ಕೇಳಬೇಕಾದ ಪ್ರಶ್ನೆ ಮೂರು: ಯಾರು ಹೇಳಿದ್ದು, ಎಲ್ಲಿ ಹೇಳಿದ್ದು, ಯಾವಾಗ. ಇದು ಹೊಸ ಕಾಲದ ವಿದ್ಯೆಯೇನೂ ಅಲ್ಲ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂದು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಯಾವ ಓಲೆಪ್ರತಿ, ಯಾರು ನಕಲು ಮಾಡಿದ್ದು, ಯಾವ ಪಾಠ ಹಳೆಯದು, ನಕಲುಗಾರ ಎಲ್ಲಿ ಕೈಯಾಡಿಸಿದ್ದಾನೆ ಎಂದು ನೋಡುವ ವಿದ್ಯೆ ಅದು. ಫಾರ್ವರ್ಡ್ ಕೂಡ ಒಂದು ನಕಲುಪ್ರತಿಯೇ, ನಕಲುಗಾರರು ಮಾತ್ರ ಲಕ್ಷಗಟ್ಟಲೆ.

ಆಮೇಲೆ ಜ್ಞಾನಪೀಠ. ಇದು ನನ್ನ ಮೆಚ್ಚಿನ ಸಾಲು, ಏಕೆಂದರೆ ಇದು ಸುಳ್ಳಾಗಿ ಹುಟ್ಟಿದ್ದಲ್ಲ. ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಕಾರ್ನಾಡ 1998. ಆ ಹೊತ್ತಿಗೆ ಕನ್ನಡಕ್ಕೆ ಏಳು, ಹಿಂದಿಗೆ ಐದು. ಆಗ ‘ಅತಿ ಹೆಚ್ಚು’ ಎಂದರೆ ಅಕ್ಷರಶಃ ನಿಜ. 2010ರ ಕಂಬಾರರದು ಸೇರಿ ನಮ್ಮದು ಎಂಟಾಯಿತು. ಆದರೆ ಹಿಂದಿ ಸುಮ್ಮನೆ ಕೂತಿರಲಿಲ್ಲ, 2017ರಲ್ಲಿ ಕೃಷ್ಣಾ ಸೋಬತಿಯವರಿಗೆ ಬಂದಾಗ ಅವರದು ಹನ್ನೊಂದು. ಸಂದೇಶಕ್ಕೆ ತಾರೀಖು ಇಲ್ಲದ ಕಾರಣ ಹಳೆಯ ನಿಜ ಹೊಸ ಸುಳ್ಳಾಗಿ ಓಡಾಡುತ್ತಿದೆ. ಮಕ್ಕಳು ‘ಎಕ್ಸ್‌ಪೈರಿ ಡೇಟ್’ ಎಂದರು. ಮೂರನೆಯ ಕಾಲಂಗೆ ಅಂದಿನಿಂದ ಅದೇ ಹೆಸರು.

ಕವಿರಾಜಮಾರ್ಗದ ಸಾಲಿನಲ್ಲಿ ಇನ್ನೊಂದು ಬಗೆಯ ಮಜಾ. ಅದು ಸುಮಾರು ಕ್ರಿ.ಶ. 850ರ ಕೃತಿ, ನೃಪತುಂಗ ಅಮೋಘವರ್ಷನ ಆಸ್ಥಾನದ್ದು. ಆಗ ಇಂಗ್ಲಿಷ್ ಹುಟ್ಟಿರಲಿಲ್ಲವೇ? ಕೆಂಟ್ ಪ್ರಾಂತದ ರಾಜ ಎತೆಲ್ಬರ್ಟನ ಕಾನೂನುಗಳು ಹಳೆಯ ಇಂಗ್ಲಿಷಿನಲ್ಲಿ ರಚನೆಯಾದದ್ದು ಸುಮಾರು ಕ್ರಿ.ಶ. 600ರಲ್ಲಿ. ಹಾಗಾಗಿ ಸಾಲು ತಪ್ಪು. ಆದರೆ ಒಂಬತ್ತನೆಯ ತರಗತಿಯ ಹುಡುಗ ಅಲ್ಲಿಗೆ ಬಿಡಲಿಲ್ಲ. ‘ಟೀಚರ್, ಹಲ್ಮಿಡಿ 450 ಅಲ್ವಾ? ಅದು 600ಕ್ಕಿಂತ ಮೊದಲು!’ ಎಂದ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ ಆ ಶಾಸನ ಎತೆಲ್ಬರ್ಟನ ಕಾನೂನಿಗಿಂತ ಹಿಂದಿನದು. ಫಾರ್ವರ್ಡ್ ಮಾಡಿದವರ ಕೈಯಲ್ಲೇ ಇದ್ದ ಗಟ್ಟಿ ನಿಜವನ್ನು ಬಿಟ್ಟು ಅವರು ಸುಳ್ಳನ್ನು ಆರಿಸಿಕೊಂಡಿದ್ದರು!

ಸಂದೇಶದಲ್ಲಿ ‘ಹಲ್ಮಿಡಿ ಶಾಸನ’ ಎಂದು ಒಂದು ಫೋಟೊ ಇತ್ತು. ಅದನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ಅದೇ ಚಿತ್ರ ಬೇರೆಲ್ಲಿದೆ ಎಂದು ನೋಡಿದೆವು. ಮೂರು ಅಂತಸ್ತಿನ ಕೆತ್ತನೆ, ಕೆಳಗೆ ಯುದ್ಧ, ಮೇಲೆ ಅಪ್ಸರೆಯರು. ಯಾವುದೋ ವೀರಗಲ್ಲು. ಹಲ್ಮಿಡಿಯದು ತಲೆಯಲ್ಲಿ ಚಕ್ರವಿರುವ ಒಂದು ಕಿರಿದಾದ ಕಂಬ. ಚಿತ್ರವನ್ನು ಹಿಮ್ಮುಖವಾಗಿ ಹುಡುಕುವ ಈ ಒಂದು ಕೆಲಸ ಕಲಿಸಲು ಹತ್ತು ನಿಮಿಷ ಸಾಕು. ಮಾಡಬೇಕೆನ್ನುವ ಅನುಮಾನ ಹುಟ್ಟಿಸಲು ತಿಂಗಳುಗಳು ಬೇಕು.

ಶೇ 99.99 ಯಾವ ಕಾಲಂಗೆ ಹೋಗಬೇಕೆಂದು ಜಗಳವಾಯಿತು. ‘ಉಳಿದ 0.01 ಯಾವುದು ಟೀಚರ್?’ ಎಂದು ಪುಟ್ಟವನೊಬ್ಬ ಕೇಳಿದ. ಅಳೆಯುವ ಗಜಕಡ್ಡಿ ಯಾವುದೆಂದೇ ಹೇಳದ ಅಂಕಿ ಅದು. ‘ಬರೆದ ಹಾಗೆ ಓದುತ್ತೇವೆ’ ಎಂಬ ವಾದವನ್ನು ವಿಜಯಪುರದ ಹುಡುಗಿ ‘ಬ್ರಹ್ಮ’, ‘ಚಿಹ್ನೆ’ ಎಂಬ ಎರಡು ಪದ ಬರೆದು ಅಲ್ಲಾಡಿಸಿದಳು. ನಾವು ಹೇಳುವುದು ಬ್ರಮ್ಹ, ಚಿನ್ಹೆ ಎಂದೇ ತಾನೆ? ಇನ್ನೊಬ್ಬಳು ತನ್ನ ಸಂಸ್ಕೃತ ಪಾಠದಲ್ಲಿ ಕೇಳಿದ್ದನ್ನು ತಂದಳು: ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠವೆಂದು ನಾಸಾ ಹೇಳಿದೆ. ಅದರ ಬೇರು ಸಿಕ್ಕಿತು. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕ ‘ಎಐ ಮ್ಯಾಗಝೀನ್’ನಲ್ಲಿ ಸಂಸ್ಕೃತ ವ್ಯಾಕರಣದ ಕುರಿತು ಬರೆದ ಲೇಖನ. ಲೇಖನ ನಿಜ, ‘ನಾಸಾ ಒಪ್ಪಿದೆ’ ಎಂಬುದು ನಂತರದವರ ಒಗ್ಗರಣೆ.

ವಿನೋಬಾರ ಮಾತಿಗೆ ಮಕ್ಕಳು ಎರಡು ಭಾನುವಾರ ಕೊಟ್ಟರು. ಅವರು ಹುಟ್ಟಿದ್ದು ನಮ್ಮ ಪಕ್ಕದ ರಾಯಗಡ ಜಿಲ್ಲೆಯ ಗಾಗೋದೆಯಲ್ಲಿ. ಹಲವು ಭಾಷೆ ಕಲಿತವರು. 1957ರಲ್ಲಿ ಮೈಸೂರಿನ ಹತ್ತಿರದ ಯೆಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆದಾಗ ಕರ್ನಾಟಕದಲ್ಲಿದ್ದರು. ಆದ್ದರಿಂದ ಹೇಳಿರುವ ಸಾಧ್ಯತೆ ಇದೆ. ಆದರೆ ನಾವು ತೆರೆದ ಪುಟಗಳೆಲ್ಲ ಒಂದನ್ನೊಂದು ನಕಲು ಮಾಡಿದ್ದವೇ. ಯಾವ ಸಭೆ, ಯಾವ ಪುಸ್ತಕ, ಯಾವ ತಾರೀಖು ಎಂದು ಒಂದರಲ್ಲೂ ಇಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿ ಸಿಕ್ಕಿತು. ಎಲ್ಲ ಭಾರತೀಯ ಭಾಷೆಗಳನ್ನೂ ನಾಗರಿ ಲಿಪಿಯಲ್ಲೂ ಬರೆಯಬೇಕೆಂದು ವಿನೋಬಾ ಪ್ರತಿಪಾದಿಸುತ್ತಿದ್ದರು. ಫಾರ್ವರ್ಡ್ ಇದನ್ನು ಹೇಳುವುದಿಲ್ಲ. ಸಾಲು ನಾಲ್ಕನೆಯ ಕಾಲಂಗೆ ಹೋಯಿತು. ‘ತಪ್ಪು’ ಮತ್ತು ‘ಮೂಲ ಸಿಗಲಿಲ್ಲ’ ಎರಡೂ ಒಂದೇ ಅಲ್ಲ ಎಂಬುದನ್ನು ಒಪ್ಪಿಸಲು ನನಗೆ ಸಾಕಷ್ಟು ಬೆವರು ಬಂತು. ಸುಳ್ಳು ಹಿಡಿಯುವ ರುಚಿ ಹತ್ತಿದ ಮಕ್ಕಳಿಗೆ ಎಲ್ಲವನ್ನೂ ‘ಫೇಕ್’ ಎಂದುಬಿಡುವ ಚಪಲ ಬರುತ್ತದೆ. ಅದು ಎಲ್ಲವನ್ನೂ ನಂಬುವಷ್ಟೇ ಸೋಮಾರಿತನ.

ಹುಡುಕುವ ವಿಧಾನದ ಬಗ್ಗೆ ಒಂದು ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇತಿಹಾಸದ ವಿದ್ವಾಂಸರು, ವಿದ್ಯಾರ್ಥಿಗಳು, ವೃತ್ತಿಪರ ಸತ್ಯಶೋಧಕರು, ಹೀಗೆ 45 ಜನರ ಮುಂದೆ ಅಪರಿಚಿತ ಜಾಲತಾಣಗಳನ್ನಿಟ್ಟು ನಂಬಬಹುದೇ ಎಂದು ಕೇಳಿದರು. ವಿದ್ವಾಂಸರೂ ವಿದ್ಯಾರ್ಥಿಗಳೂ ಆ ಪುಟವನ್ನೇ ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ ಅನೇಕ ಸಲ ಮೋಸಹೋದರು. ಸತ್ಯಶೋಧಕರು ಪುಟವನ್ನು ಬಿಟ್ಟು ಹೊರಗೆ ಹೋಗಿ, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಇದನ್ನು ನಡೆಸುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು. ಹೆಣ್ಣು ನೋಡಲು ಹೋದ ಮನೆಯವರು ಆ ಮನೆಯಲ್ಲಿ ಉಪ್ಪಿಟ್ಟು ತಿಂದಷ್ಟಕ್ಕೇ ನಿರ್ಧರಿಸದೆ ಅಕ್ಕಪಕ್ಕದಲ್ಲಿ ವಿಚಾರಿಸುತ್ತಿದ್ದರಲ್ಲ, ಹಾಗೆ. ನಮ್ಮ ತರಗತಿಯಲ್ಲಿ ಇದಕ್ಕೆ ‘ಪಕ್ಕದಮನೆ ವಿಚಾರಣೆ’ ಎಂದೇ ಹೆಸರು.

ಕನ್ನಡದಲ್ಲಿ ಈ ವಿಚಾರಣೆಗೆ ಒಂದು ತೊಡಕಿದೆ. ಪಕ್ಕದ ಮನೆಗಳೇ ಕಡಿಮೆ. ಕನ್ನಡ ವಿಕಿಪೀಡಿಯದಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ, ಇಂಗ್ಲಿಷಿನಲ್ಲಿ ಅದು ಅರವತ್ತು ಲಕ್ಷವನ್ನೂ ದಾಟಿದೆ. ಕನ್ನಡದಲ್ಲೇ ಹುಡುಕಿದರೆ ಮತ್ತದೇ ಫಾರ್ವರ್ಡ್‌ಗಳು ಮೇಲೆ ಬರುತ್ತವೆ. ಇಲ್ಲಿ ಹೊರನಾಡಿನ ಮಕ್ಕಳಿಗೆ ಊರಿನ ಮಕ್ಕಳಿಗಿಲ್ಲದ ಅನುಕೂಲ ಒಂದಿದೆ. ಅವರು ಮರಾಠಿಯಲ್ಲಿ ಹುಡುಕಬಲ್ಲರು, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹುಡುಕಬಲ್ಲರು. ಚೆನ್ನೈಯ ಮಕ್ಕಳಾದರೆ ತಮಿಳು, ಹೈದರಾಬಾದಿನವರಾದರೆ ತೆಲುಗು. ನಮ್ಮ ಮಕ್ಕಳ ಕನ್ನಡ ಕಲಬೆರಕೆ ಎಂದು ಕೊರಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗೂಗಲ್ ಹೇಳಿತು ಎಂದರೆ ಮುಗಿಯಿತು ಎನ್ನುವವರಿಗೆ ನಾನು ತೋರಿಸುವುದು 2021ರ ಜೂನ್‌ನ ಘಟನೆ. ಭಾರತದ ಅತ್ಯಂತ ಕೊಳಕು ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಉತ್ತರದ ಚೌಕದಲ್ಲಿ ‘ಕನ್ನಡ’ ಎಂದು ಬರುತ್ತಿತ್ತು. ರಾಜ್ಯವೆಲ್ಲ ಕೆರಳಿತು, ಆಗಿನ ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಕಂಪನಿ ಕ್ಷಮೆ ಕೇಳಿತು. ಆ ಚೌಕ ಯೋಚಿಸಿ ಉತ್ತರಿಸುವುದಲ್ಲ. ಕೇಳಿದ ಪದಗಳಿಗೆ ಹೊಂದುವ ಒಂದು ವಾಕ್ಯವನ್ನು ಯಾವುದೋ ಪುಟದಿಂದ ಎತ್ತಿ ದೊಡ್ಡ ಅಕ್ಷರದಲ್ಲಿ ಇಡುತ್ತದೆ. ಪ್ರಶ್ನೆಯೇ ವಕ್ರವಾದರೆ ವಕ್ರವಾದ ಪುಟವೇ ಸಿಗುತ್ತದೆ. ಅಂದು ನಾವೆಲ್ಲ ‘ಇದನ್ನು ಹೇಳಿದವರು ಯಾರು, ಆಧಾರ ಏನು’ ಎಂದು ಸರಿಯಾಗಿಯೇ ಕೇಳಿದೆವು. ‘ವಿಶ್ವಲಿಪಿಗಳ ರಾಣಿ’ ಎಂದಾಗ ಮಾತ್ರ ಯಾರೂ ಕೇಳಲಿಲ್ಲ. ಬೈದರೆ ಆಧಾರ ಬೇಕು, ಹೊಗಳಿದರೆ ಬೇಡ. ನನ್ನ ಮಟ್ಟಿಗೆ ಮಕ್ಕಳಿಗೆ ಕಲಿಸಬೇಕಾದ ಕಷ್ಟದ ಪಾಠ ಇದೊಂದೇ. ಉಳಿದದ್ದೆಲ್ಲ ಗುಂಡಿ ಒತ್ತುವ ಕೆಲಸ.

ಈಗ ಚಾಟ್‌ಬಾಟ್‌ಗಳು ಬಂದಿವೆ. ಒಬ್ಬ ಹುಡುಗ ಹೋಂವರ್ಕಿಗೆ ಅಕ್ಕಮಹಾದೇವಿಯ ವಚನವೆಂದು ಒಂದನ್ನು ತಂದ. ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನನ ಅಂಕಿತ ಇತ್ತು, ಭಾಷೆ ಹಳತರಂತೆ ತೋರುತ್ತಿತ್ತು, ಅಪ್ಪ-ಅಮ್ಮ ಮೆಚ್ಚಿದ್ದರಂತೆ. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ, ಪದ ಕೊಟ್ಟರೆ ಅದಿರುವ ವಚನಗಳನ್ನೆಲ್ಲ ಎತ್ತಿಕೊಡುತ್ತದೆ. ಅವನ ವಚನದ ಒಂದೊಂದೇ ಮುಖ್ಯ ಪದ ಹಾಕಿ ನೋಡಿದೆವು. ಪದಗಳಿವೆ, ಆ ವಚನ ಇಲ್ಲ. ಯಂತ್ರ ಹೆಣೆದು ಅಂಕಿತ ಅಂಟಿಸಿತ್ತು. ಹುಡುಗನಿಗೆ ನಾನು ಗದರಲಿಲ್ಲ, ನಿಜವಾದ ಅಕ್ಕನ ವಚನ ಒಂದನ್ನು ಅದೇ ತಾಣದಿಂದ ಆರಿಸಿ ಬಾಯಿಪಾಠ ಮಾಡಲು ಹೇಳಿದೆ. ಎರಡು ಮಾಡಿಕೊಂಡು ಬಂದ.

ಇದೆಲ್ಲ ಭಾಷೆಯ ಹೆಮ್ಮೆಯ ಸಂಗತಿ, ಸುಳ್ಳಾದರೂ ಯಾರಿಗೇನು ನಷ್ಟ ಎಂದು ಪೋಷಕರೊಬ್ಬರು ಕೇಳಿದರು. ಅವರಿಗೆ ನಾನು ನೆನಪಿಸಿದ್ದು 2018ರ ಬೇಸಿಗೆ-ಮಳೆಗಾಲ. ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೊದ ಕೊನೆಯ ಭಾಗ ಕತ್ತರಿಸಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ನಮ್ಮಲ್ಲಿ ಹರಿಬಿಡಲಾಗಿತ್ತು. ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಭಿಕ್ಷೆ ಬೇಡಿ ಬದುಕುತ್ತಿದ್ದ ಅಲೆಮಾರಿ ಸಮುದಾಯದ ಐವರನ್ನು ಜನ ಹೊಡೆದು ಕೊಂದರು. ಅವರು ಸೊಲ್ಲಾಪುರ ಜಿಲ್ಲೆಯವರು, ನಮ್ಮ ಗಡಿಯ ಪಕ್ಕದವರೇ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಕಾರಣ. ಕಾರು ಮುಂದಿನ ಊರು ತಲುಪುವ ಮೊದಲೇ ವಾಟ್ಸ್ಯಾಪ್ ತಲುಪಿತ್ತು. ಅದೇ ತಿಂಗಳು ವಾಟ್ಸ್ಯಾಪ್ ಭಾರತದಲ್ಲಿ ಫಾರ್ವರ್ಡ್‌ಗಳನ್ನು ಐದಕ್ಕೆ ಮಿತಿಗೊಳಿಸಿತು. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಬರೀ ಎಸ್ಸೆಮ್ಮೆಸ್ ಮತ್ತು ಗಾಳಿಮಾತು ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದ್ದರು. ಪರಊರಿನಲ್ಲಿ ಬದುಕುವ ನಮಗೆ ಆ ರೈಲಿನಲ್ಲಿ ಕೂತವರ ಮನಸ್ಸು ಬೇಗ ಅರ್ಥವಾಗಬೇಕು.

ಕೇರಳದ ಕಣ್ಣೂರಿನಲ್ಲಿ 2018ರಲ್ಲಿ ಜಿಲ್ಲಾಧಿಕಾರಿಯಾಗಿದ್ದ ಮೀರ್ ಮೊಹಮ್ಮದ್ ಅಲಿ ‘ಸತ್ಯಮೇವ ಜಯತೆ’ ಎಂಬ ಹೆಸರಿನಲ್ಲಿ ನೂರೈವತ್ತರಷ್ಟು ಸರ್ಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿ ಗುರುತಿಸುವ ಪಾಠ ಮಾಡಿಸಿದರು. ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಕಾಗಿರಲಿಲ್ಲ. ಮೇಷ್ಟರು, ಮಕ್ಕಳು, ಮನೆಯಿಂದ ಬಂದ ಸಂದೇಶಗಳು.

ನಮ್ಮಲ್ಲಿ ಎಲ್ಲಕ್ಕಿಂತ ಬಿಸಿ ಚರ್ಚೆ ನಡೆದದ್ದು ಹುಡುಕಾಟದ ಬಗ್ಗೆ ಅಲ್ಲ, ಮನೆಯ ಗ್ರೂಪಿನ ಬಗ್ಗೆ. ಊರಿನಲ್ಲಿರುವ ಅಜ್ಜ ಕಳಿಸಿದ್ದು ತಪ್ಪೆಂದು ಗೊತ್ತಾದರೆ ಮೊಮ್ಮಗಳು ಏನು ಮಾಡಬೇಕು? ಐವತ್ತು ಜನರ ಎದುರು ‘ಅಜ್ಜ, ಇದು ಫೇಕ್’ ಎಂದು ಹಾಕಿದರೆ ಅಜ್ಜನಿಗೆ ಆಗುವುದು ಅವಮಾನ, ಅಪ್ಪನಿಗೆ ಬರುವುದು ಫೋನು. ಒಬ್ಬ ಹುಡುಗ ಹಾಗೆ ಮಾಡಿ ದೊಡ್ಡಪ್ಪನಿಂದ ಬೈಸಿಕೊಂಡಿದ್ದ. ಕೊನೆಗೆ ಮಕ್ಕಳೇ ಒಂದು ಕ್ರಮ ಮಾಡಿಕೊಂಡರು. ಗ್ರೂಪಿನಲ್ಲಿ ಏನೂ ಹಾಕಬಾರದು. ಅಜ್ಜನಿಗೆ ಪ್ರತ್ಯೇಕವಾಗಿ ಕರೆ ಮಾಡಬೇಕು. ಮೊದಲು ಊಟ-ಆರೋಗ್ಯ ಕೇಳಬೇಕು. ಆಮೇಲೆ ‘ಅಜ್ಜ, ನೀವು ಕಳಿಸಿದ್ದು ಓದಿದೆ, ಅದು ಎಲ್ಲಿಂದ ಬಂತು? ನಮ್ಮ ಟೀಚರ್ ಮೂಲ ಕೇಳ್ತಾರೆ’ ಎನ್ನಬೇಕು. ತಪ್ಪನ್ನು ಟೀಚರ್ ತಲೆಗೆ ಕಟ್ಟಲು ನನ್ನ ಪೂರ್ಣ ಅನುಮತಿ ಇದೆ. ಪ್ರಾಣಕ್ಕೆ ಸಂಬಂಧಿಸಿದ್ದಾದರೆ ಮಾತ್ರ ಈ ನಿಧಾನ ಇಲ್ಲ. 2021ರ ಎರಡನೆಯ ಅಲೆಯಲ್ಲಿ ಕರ್ಪೂರ, ಓಂಕಾಳು, ನೀಲಗಿರಿ ಎಣ್ಣೆಯ ಗಂಟನ್ನು ಮೂಸಿದರೆ ಆಮ್ಲಜನಕ ಏರುತ್ತದೆಂದು ಬಂದಿತ್ತಲ್ಲ, ಅಂಥದ್ದಕ್ಕೆ ಗ್ರೂಪಿನಲ್ಲೇ ತಕ್ಷಣ, ಆದರೆ ಅಪ್ಪ-ಅಮ್ಮನ ಕೈಯಿಂದ.

ರಾಜ್ಯೋತ್ಸವ ಬಂತು. ನಿರೂಪಣೆ ಮಕ್ಕಳದು ಎಂದು ಸಂಘ ಮೊದಲೇ ನಿಶ್ಚಯಿಸಿತ್ತು. ಕೈಗೆ ಬಂದ ನಿರೂಪಣೆಯ ಹಾಳೆಯಲ್ಲಿ ಅದೇ ಪಟ್ಟಿ! ಮಕ್ಕಳು ನನ್ನ ಮುಖ ನೋಡಿದರು. ನಾನು ಹಿರಿಯ ಪದಾಧಿಕಾರಿಯೊಬ್ಬರ ಬಳಿ ಹೋದೆ. ಅವರು ಸಿಟ್ಟಾಗಲಿಲ್ಲ, ನೊಂದುಕೊಂಡರು. ‘ಟೀಚರ್, ಮಕ್ಕಳು ಇಲ್ಲಿಗೆ ಬರುವುದೇ ಕಷ್ಟ. ಇರುವ ನಾಲ್ಕು ಒಳ್ಳೆಯ ಮಾತನ್ನೂ ತಪ್ಪು ಅಂದರೆ ಅವರಿಗೆ ಕನ್ನಡದ ಅಭಿಮಾನ ಎಲ್ಲಿಂದ ಬರಬೇಕು?’

ಅವರ ಮಾತನ್ನು ಹಗುರವಾಗಿ ತಳ್ಳುವಂತಿರಲಿಲ್ಲ. ಹದಿಮೂರನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು ಅವರು. ದಕ್ಷಿಣದವರ ವಿರುದ್ಧ ಈ ಊರಿನಲ್ಲಿ ಚಳವಳಿ ಎದ್ದಿದ್ದ ಕಾಲದ ಬಿಸಿ ಆರುವ ಮೊದಲೇ ಬಂದವರು, ‘ಮದ್ರಾಸಿ’ ಎಂದು ಕರೆಸಿಕೊಂಡವರು. ಅವರಿಗೆ ಆ ಪಟ್ಟಿ ಮಾಹಿತಿಯಲ್ಲ, ಗುರಾಣಿ. ನಾನು ಹೇಳಿದ್ದಿಷ್ಟೇ: ‘ಅಣ್ಣಾ, ಈ ಹುಡುಗಿ ನಾಳೆ ಕಾಲೇಜಿನಲ್ಲಿ ಕಿಟೆಲ್ ಸಾಲು ಹೇಳಿದರೆ ಪಕ್ಕದ ಮರಾಠಿ ಹುಡುಗಿ ಮೋಲ್ಸ್‌ವರ್ತ್ ಅನ್ನುತ್ತಾಳೆ. ಆವತ್ತು ಇವಳು ಕಿಟೆಲ್ ಒಬ್ಬನನ್ನೇ ಬಿಡುವುದಿಲ್ಲ, ಹಲ್ಮಿಡಿಯೂ ಸುಳ್ಳಿರಬೇಕು ಅಂದುಕೊಳ್ಳುತ್ತಾಳೆ.’ ಅವರು ಹಾಳೆಯನ್ನು ವಾಪಸು ತೆಗೆದುಕೊಂಡು, ‘ಬೇರೆ ಬರೆದು ತನ್ನಿ, ನೋಡೋಣ’ ಎಂದರು.

ಮಕ್ಕಳು ಬರೆದರು. ಹಲ್ಮಿಡಿ ಇತ್ತು. ನಾಡಿನ ಉತ್ತರದ ಗಡಿ ಗೋದಾವರಿ ಎನ್ನುವ ಕವಿರಾಜಮಾರ್ಗ ಇತ್ತು, ಆ ಗೋದಾವರಿ ಹರಿಯುವುದು ಇದೇ ಮಹಾರಾಷ್ಟ್ರದ ನಾಶಿಕದಲ್ಲಿ ಎಂಬ ಸೇರಿಕೆಯೊಂದಿಗೆ. ಎಂಟು ಜ್ಞಾನಪೀಠಿಗಳ ಹೆಸರೂ ವರ್ಷವೂ ಇತ್ತು, ‘ಅತಿ ಹೆಚ್ಚು’ ಇರಲಿಲ್ಲ. ಕಿಟೆಲ್ ಮತ್ತು ಮೋಲ್ಸ್‌ವರ್ತ್ ಇಬ್ಬರೂ ಇದ್ದರು. ಪದಾಧಿಕಾರಿಗಳು ಓದಿ, ಮಾಸ್ತಿಯವರ ವರ್ಷ ಸರಿಯಿದೆಯೇ ಎಂದು ಎರಡು ಸಲ ಕೇಳಿ, ಸಹಿ ಹಾಕಿದರು.

ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಎಂಬತ್ತರ ಆಸುಪಾಸಿನ ಒಬ್ಬರು ಬಂದು, ವಿನೋಬಾರ ಮಾತು ಏಕೆ ಬಿಟ್ಟಿರಿ ಎಂದು ಮಕ್ಕಳನ್ನು ಕೇಳಿದರು. ಮೋಲ್ಸ್‌ವರ್ತ್ ಹುಡುಗಿ, ‘ಮೂಲ ಸಿಕ್ಕಿಲ್ಲ ಅಜ್ಜ, ನಿಮ್ಮ ಹತ್ರ ಯಾವುದಾದ್ರೂ ಪುಸ್ತಕ ಇದ್ಯಾ?’ ಎಂದಳು. ಊರ ಮನೆಯ ಅಟ್ಟದಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳಿವೆ, ಮೇ ತಿಂಗಳಲ್ಲಿ ಹೋದಾಗ ತೆಗೆಸಿ ನೋಡುತ್ತೇನೆ ಎಂದರು ಅವರು. ಹುಡುಗಿ ಅವರ ಫೋನ್ ನಂಬರು ಬರೆದುಕೊಂಡಳು. ಆ ಸಾಲು ಬೋರ್ಡಿನ ನಾಲ್ಕನೆಯ ಕಾಲಂನಲ್ಲಿ ಇನ್ನೂ ಇದೆ, ಗುಡಿಸುವವರಿಗೆ ಅಳಿಸಬೇಡಿ ಎಂದು ಹೇಳಿಟ್ಟಿದ್ದೇವೆ.